ದಶೈಂಗೆ ನೇಪಾಳ: ಪ್ಯಾಕೇಜ್‌ಗೆ ಎರಡು ಸ್ಟಾರ್, ಡುಮ್ರೆ ಮೇಲಿನ ಮನೆಗೆ ಐದು

ದಸರಾ ರಜೆಗೆ ನೇಪಾಳ ಹೇಗೆ ಅಂತ ಗೆಳೆಯರು ಆಗಾಗ ಕೇಳುತ್ತಿರುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ನಾವು ಹೋಗಿದ್ದು 2023ರ ಅಕ್ಟೋಬರ್‌ನಲ್ಲಿ. ನಾನು, ನನ್ನ ಹೆಂಡತಿ, ಗದಗಿನಿಂದ ಬಂದಿದ್ದ ನಮ್ಮ ಅವ್ವ, ಮೂರು ಜನ. ಬೆಂಗಳೂರಿನ ಒಂದು ಟ್ರಾವೆಲ್ ಕಂಪನಿಯ ಆರು ರಾತ್ರಿಯ ಪ್ಯಾಕೇಜ್, ತಲೆಗೆ 24,000 ರೂಪಾಯಿ, ವಿಮಾನದ ಟಿಕೆಟ್ ಬೇರೆ. ಕಂಪನಿಯ ಹೆಸರು ಹಾಕುವುದಿಲ್ಲ. ಯಾಕೆಂದರೆ ಆಮೇಲೆ ನೋಡಿದಾಗ ಇದೇ ಪ್ರೋಗ್ರಾಂ, ಇದೇ ಫೋಟೋ, ಇದೇ ತಪ್ಪು ಇನ್ನೂ ನಾಲ್ಕೈದು ಕಡೆ ಸಿಕ್ಕಿತು.

ತಪ್ಪು ಏನು ಅಂದರೆ, ಅವರು ದಶೈಂ ಅನ್ನು, ಅಂದರೆ ನೇಪಾಳದ ದಸರಾವನ್ನು, ಮೈಸೂರು ದಸರಾ ಅಂದುಕೊಂಡಿದ್ದಾರೆ. ಮೈಸೂರಿಗೆ ದಸರಾದಲ್ಲಿ ಜನ ಬರುತ್ತಾರೆ. ರೂಮು ಸಿಗಲ್ಲ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ, ಊರೆಲ್ಲ ದೀಪ. ಕಠ್ಮಂಡುವಿನಲ್ಲಿ ಪೂರ್ತಿ ಉಲ್ಟಾ, ದಶೈಂ ಬಂತು ಅಂದರೆ ಜನ ಊರು ಬಿಟ್ಟು ಹೋಗುತ್ತಾರೆ. ಓದಲು ಬಂದವರು, ಕೆಲಸಕ್ಕೆ ಬಂದವರು, ಬಾಡಿಗೆ ಮನೆಯವರು ಎಲ್ಲರೂ ಬಸ್ಸು ಹತ್ತಿ ಹುಟ್ಟಿದೂರಿಗೆ ಹೊರಡುತ್ತಾರೆ, ಕಲಂಕಿ ವೃತ್ತದಲ್ಲೂ ಗೊಂಗಬುವಿನ ಹೊಸ ಬಸ್ ಪಾರ್ಕ್‌ನಲ್ಲೂ ಆ ವಾರ ಕಾಲಿಡಲು ಜಾಗ ಇರಲ್ಲ. ಅದಾದ ಮೇಲೆ ಕಠ್ಮಂಡು ಎಂದರೆ ಎಳೆದ ಶಟರ್‌ಗಳು ಮತ್ತು ನಾಯಿಗಳು. ನಮ್ಮನ್ನು ಸರಿಯಾಗಿ ಆ ದಿನಗಳಿಗೇ ಅಲ್ಲಿ "ಶಾಪಿಂಗ್"ಗೆ ಬಿಟ್ಟಿದ್ದರು.

ಮೊದಲ ಎರಡು ದಿನ ಚೆನ್ನಾಗಿತ್ತು, ಅದನ್ನೂ ಹೇಳಬೇಕು. 19ನೇ ತಾರೀಖು ದೆಹಲಿ ಮೇಲೆ ಹೋಗಿ ಇಳಿದೆವು. ಗಡಿಯಾರ ಹದಿನೈದು ನಿಮಿಷ ಮುಂದೆ ಇಟ್ಟುಕೊಳ್ಳಬೇಕು ಅಂದಾಗ ಅವ್ವ ನಗುತ್ತಲೇ ಇದ್ದಳು, "ಹದಿನೈದು ನಿಮಿಷಕ್ಕ ಒಂದು ದೇಶಾನ?" ಅಂತ. ಮಾರನೇ ದಿನ ಪಶುಪತಿನಾಥ. ಇಲ್ಲಿ ಮುಖ್ಯ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು. ಆ ಪದ್ಧತಿ ತಲೆಮಾರುಗಳಿಂದ ಇದೆ. ಅದನ್ನು ಬದಲಿಸಲು ಹೋಗಿ 2009ರ ಸುಮಾರಿಗೆ ಅಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಅವ್ವನಿಗೆ ಇದನ್ನು ಹೇಳಿದ್ದೇ ತಡ, ಸಾಲಿನಲ್ಲಿ ನಿಂತವರಿಗೆಲ್ಲ ಇದು ತನ್ನ ತವರುಮನೆ ಗುಡಿ ಅನ್ನುವ ಹಾಗೆ ದಾರಿ ಮಾಡಿಸಿಕೊಂಡು ನಡೆದಳು.

ಅವತ್ತೇ ಭಕ್ತಪುರ. ಪ್ಯಾಕೇಜ್‌ನವರ ಮೊದಲ ಎಡವಟ್ಟು ಇಲ್ಲಿ ಆಯಿತು. ನವರಾತ್ರಿಯಲ್ಲಿ ಭಕ್ತಪುರದ ನೇವಾರ ಜನ ದಿನಕ್ಕೊಂದು ದುರ್ಗೆಯ ಗುಡಿಗೆ ಹೋಗುತ್ತಾರೆ. ಊರಿನ ಸುತ್ತ ನವದುರ್ಗೆಯರ ಜಾಗಗಳಿವೆ, ಪ್ರತಿಯೊಂದಕ್ಕೂ ಒಂದು ದಿನ. ಬೆಳಕು ಹರಿಯುವ ಮುಂಚೆಯೇ ಸ್ನಾನ ಮಾಡಿ, ತಟ್ಟೆ ಹಿಡಿದುಕೊಂಡು ಊರೇ ಹೊರಡುತ್ತದೆ. ನೋಡಬೇಕಾದ್ದು ಅದು. ನಮ್ಮನ್ನು ಕರೆದುಕೊಂಡು ಹೋಗಿದ್ದು ಹನ್ನೊಂದೂವರೆಗೆ, ಎಲ್ಲರೂ ಮನೆಗೆ ಹೋಗಿ ಅಡುಗೆಗೆ ಇಟ್ಟ ಮೇಲೆ. ಐವತ್ತೈದು ಕಿಟಕಿಯ ಅರಮನೆ ನೋಡಿದೆವು, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ತಿಂದೆವು. ಅದಕ್ಕೆ ಅಲ್ಲಿ ಜುಜು ಧೌ ಅಂತಾರೆ, ತುಂಬಾ ಸಿಹಿ, ಎರಡು ತಿನ್ನಿ, ಮೂರನೆಯದಕ್ಕೆ ಕೈ ಹಾಕಬೇಡಿ.

21ನೇ ತಾರೀಖು ಸಪ್ತಮಿ. ಅಲ್ಲಿ ಅದನ್ನು ಫೂಲ್‌ಪಾತಿ ಅನ್ನುತ್ತಾರೆ. ಗೋರ್ಖಾದ ಹಳೆಯ ಅರಮನೆಯಿಂದ ಕೆಂಪು ಬಟ್ಟೆ ಹೊದಿಸಿದ ಡೋಲಿಯಲ್ಲಿ ಬಾಳೆ, ಕಬ್ಬು, ಬಿಲ್ವ, ಭತ್ತದ ತೆನೆ, ಹೂವು ಕಟ್ಟಿಕೊಂಡು ಕಠ್ಮಂಡುವಿನ ಹನುಮಾನ್ ಢೋಕಾಗೆ ತರುತ್ತಾರೆ. ಶಾಹ ರಾಜರು ಗೋರ್ಖಾದಿಂದ ಬಂದು ಈ ಕಣಿವೆ ಗೆದ್ದವರು ನೋಡಿ, ಹಬ್ಬದ ಹೂವು ಮಾತ್ರ ಹಳೆ ಮನೆಯಿಂದಲೇ ಬರಬೇಕು. 2008ರಲ್ಲಿ ರಾಜರು ಹೋದರು, ಡೋಲಿ ಬರುವುದು ನಿಲ್ಲಲಿಲ್ಲ. ಟುಂಡಿಖೇಲ್ ಮೈದಾನದಲ್ಲಿ ಸೈನ್ಯದವರು ತೋಪು ಹಾರಿಸಿದಾಗ ಅವ್ವ ನನ್ನ ಕೈ ಹಿಡಿದುಕೊಂಡು, "ಮೈಸೂರಾಗ 21 ಕುಶಾಲತೋಪು ಹಾರಸ್ತಾರಲ್ಲ, ಹಂಗ" ಅಂದಳು. ಇಡೀ ಪ್ಯಾಕೇಜ್‌ನಲ್ಲಿ ಬೀದಿಯಲ್ಲಿ ನಿಂತು ನೋಡುವಂಥ ಹಬ್ಬ ಅಂದರೆ ಇದೊಂದೇ. ಅದೂ ಅವರ ಪ್ರೋಗ್ರಾಂನಲ್ಲಿ ಇರಲಿಲ್ಲ. ಕರೆದುಕೊಂಡು ಹೋಗಿದ್ದು ನಮ್ಮ ಡ್ರೈವರ್. ಅವನಿಗೆ ಭಾಯಿ ಅನ್ನಬೇಕೋ ದಾಯಿ ಅನ್ನಬೇಕೋ ಎರಡು ದಿನ ಗೊತ್ತಾಗಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನು ಅಂತ ಗೊತ್ತಾದ ಮೇಲೆ ದಾಯಿ, ಅಂದರೆ ಅಣ್ಣ. ಮುಂದೆಯೂ ಅವನನ್ನು ದಾಯಿ ಅಂತಲೇ ಬರೆಯುತ್ತೇನೆ.

22ರ ಬೆಳಗ್ಗೆ, ಅಷ್ಟಮಿ. ನಾನು ಹೋಟೆಲಿನ ಬಾತ್‌ರೂಮಿನಲ್ಲಿ ಹಲ್ಲುಜ್ಜುತ್ತಿದ್ದೆ, ಬಕೆಟ್‌ನಲ್ಲಿದ್ದ ನೀರು ತಾನೇ ತುಳುಕಿತು. ಏಳು ಗಂಟೆ ಮೂವತ್ತೊಂಬತ್ತು ನಿಮಿಷ ಅಂತ ಆಮೇಲೆ ಸುದ್ದಿಯಲ್ಲಿ ಬಂತು, 6.1ರ ಭೂಕಂಪ, ಕೇಂದ್ರ ಪಕ್ಕದ ಧಾದಿಂಗ್ ಜಿಲ್ಲೆ. ಎಲ್ಲರೂ ಬೀದಿಗೆ ಓಡಿದೆವು. ನಮಗೆ ಕೈಕಾಲು ನಡುಗುತ್ತಿತ್ತು. ಅಲ್ಲಿನವರು ಹತ್ತು ನಿಮಿಷ ನಿಂತರು, ಮನೆಗೆ ಫೋನ್ ಮಾಡಿದರು, ಮತ್ತೆ ಒಳಗೆ ಹೋದರು. 2015ರ ದೊಡ್ಡ ಭೂಕಂಪ ಕಂಡವರು ಅವರು.

ಅದೇ ಬೀದಿಯಲ್ಲಿ ನಿಂತಿದ್ದಾಗಲೇ ದಾಯಿ ಬಂದು ಮೆಲ್ಲಗೆ ಹೇಳಿದ, ನಾಳೆಯಿಂದ ನಾನು ಇರುವುದಿಲ್ಲ, ಊರಿಗೆ ಹೋಗಬೇಕು, ಕಂಪನಿಗೆ ತಿಂಗಳ ಹಿಂದೆಯೇ ಹೇಳಿದ್ದೇನೆ ಅಂತ. ನಮ್ಮ ಪ್ರೋಗ್ರಾಂ ಪ್ರಕಾರ ಅವತ್ತು ಠಮೇಲ್ ಮತ್ತು ಅಸನ್‌ನಲ್ಲಿ ಶಾಪಿಂಗ್, 23ಕ್ಕೆ ಪೋಖರಾ, 24ಕ್ಕೆ ಅಲ್ಲಿ ದೋಣಿ. ಬೆಂಗಳೂರಿಗೆ ಫೋನ್ ಮಾಡಿದೆ. ಆ ಹುಡುಗಿ ಪಾಪ, "ಸರ್, ದಸರಾ ಅಲ್ವಾ, ಅಂಗಡಿಗಳಲ್ಲಿ ಆಫರ್ ಇರುತ್ತೆ, ಬೇರೆ ಡ್ರೈವರ್ ಕಳಿಸ್ತೀವಿ" ಅಂದಳು. ನಾನು ಫೋನನ್ನು ಕಿವಿಯಲ್ಲಿ ಇಟ್ಟುಕೊಂಡೇ ಬೀದಿ ನೋಡಿದೆ. ಎಡಕ್ಕೆ ಹನ್ನೊಂದು ಶಟರ್, ಹನ್ನೊಂದೂ ಕೆಳಗೆ. ಬಲಕ್ಕೆ ಒಂದು ಮೆಡಿಕಲ್ ಶಾಪ್ ಮಾತ್ರ ಅರ್ಧ ತೆರೆದಿತ್ತು.

ಇನ್ನೊಂದು ಉರಿಯುವ ವಿಷಯ. ಹನುಮಾನ್ ಢೋಕಾದ ಪಕ್ಕದ ತಲೇಜು ಭವಾನಿ ಗುಡಿ ವರ್ಷಕ್ಕೆ ಒಂದೇ ದಿನ ಜನರಿಗೆ ತೆರೆಯುತ್ತದೆ, ನವಮಿಯ ದಿನ. ಪ್ಯಾಕೇಜ್‌ನವರು ಸರಿಯಾಗಿ ಆ ದಿನವೇ ನಮ್ಮನ್ನು ಊರಿಂದ ಆಚೆ ಕಳಿಸಲು ಬರೆದಿದ್ದರು. ಪಂಚಾಂಗ ನೋಡಿ ಮಾಡಿದ ಪ್ರೋಗ್ರಾಂ ಅಲ್ಲ ಇದು, ಎಕ್ಸೆಲ್ ನೋಡಿ ಮಾಡಿದ್ದು.

ಬೇರೆ ಡ್ರೈವರ್ ಬರಲಿಲ್ಲ. ಬರುವುದೂ ಇಲ್ಲ ಅಂತ ದಾಯಿ ನಕ್ಕ. ಅವನ ಊರು ಪೋಖರಾ ಆಚೆಗಿನ ಸ್ಯಾಂಗ್ಜಾ. ದಾರಿಯಲ್ಲಿ ಡುಮ್ರೆ ಅಂತ ಒಂದು ಜಂಕ್ಷನ್, ಅಲ್ಲಿಂದ ಗುಡ್ಡ ಹತ್ತಿದರೆ ಅವನ ಅಕ್ಕನ ಗಂಡನ ಮನೆ ಕಡೆಯವರ ಊರು, ಅವರು ಎರಡು ಕೋಣೆ ಹೋಂಸ್ಟೇ ಮಾಡಿದ್ದಾರೆ. "ಹಬ್ಬದಲ್ಲಿ ಗಿರಾಕಿ ತಗೊಳ್ಳಲ್ಲ, ಆದರೆ ನಾನು ಕೇಳಿದರೆ ಇಲ್ಲ ಅನ್ನಲ್ಲ. ಇವತ್ತೇ ಹೊರಡಿ" ಅಂದ. ಹೊರಟೆವು.

ಪೃಥ್ವಿ ಹೈವೇ ಬಗ್ಗೆ ಒಂದು ಪ್ಯಾರಾ ಬರೆಯಲೇಬೇಕು. ಕಠ್ಮಂಡುವಿನಿಂದ ಡುಮ್ರೆಗೆ ಹೆಚ್ಚೆಂದರೆ 140 ಕಿಲೋಮೀಟರ್. ನಮಗೆ ಏಳು ಗಂಟೆ ಬೇಕಾಯಿತು. ರಸ್ತೆ ಅಗಲ ಮಾಡುವ ಕೆಲಸ, ಧೂಳು, ಒಂದು ಕಡೆ ತ್ರಿಶೂಲಿ ನದಿ, ಇನ್ನೊಂದು ಕಡೆ ಕುಸಿಯಲು ರೆಡಿ ಇರುವ ಗುಡ್ಡ. ಬೆಳಗ್ಗೆ ನಡುಗಿದ ಧಾದಿಂಗ್ ಜಿಲ್ಲೆಯ ಮೇಲೆಯೇ ದಾರಿ, ಅವ್ವ ಆ ಪೂರ್ತಿ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಆದರೆ ನನಗೆ ಕೇಳಿದರೆ ದಶೈಂ ಅಂದರೆ ಏನು ಅಂತ ಗೊತ್ತಾಗಿದ್ದೇ ಈ ರಸ್ತೆಯಲ್ಲಿ. ಬಸ್ಸಿನ ಟಾಪ್ ಮೇಲೆ ಟಿವಿ ಡಬ್ಬ, ಅಕ್ಕಿ ಚೀಲ, ಸೈಕಲ್, ಅದರ ನಡುವೆ ಕಾಲು ಕಟ್ಟಿದ ಎರಡು ಮೇಕೆ, ಅವುಗಳ ಪಕ್ಕ ಮೇಕೆಯಷ್ಟೇ ಆರಾಮಾಗಿ ಕೂತ ಹುಡುಗರು. ಪ್ರತಿ ಗಾಡಿಯಲ್ಲೂ ದಶೈಂ ಬಂದಾಗ ಮಾತ್ರ ಹಾಕುವ ಒಂದೇ ರಾಗ, ಮಾಲಶ್ರೀ, ಶಹನಾಯಿಯಂಥ ವಾದ್ಯದಲ್ಲಿ. ರೇಡಿಯೋದಲ್ಲೂ ಅದೇ, ಫೋನ್ ರಿಂಗ್‌ಟೋನೂ ಅದೇ. ಮೂರನೇ ದಿನಕ್ಕೆ ನನ್ನ ಹೆಂಡತಿ ಅದನ್ನೇ ಗುನುಗುತ್ತಿದ್ದಳು.

ಕುರಿನ್‌ಟಾರ್‌ನಲ್ಲಿ ಚಹಾಕ್ಕೆ ನಿಂತೆವು. ಇಲ್ಲಿಂದ ಮೇಲಿನ ಮನಕಾಮನಾ ದೇವಿ ಗುಡಿಗೆ ಕೇಬಲ್ ಕಾರ್ ಇದೆ, 1998ರಲ್ಲಿ ಶುರುವಾಗಿದ್ದು, ನೇಪಾಳದ ಮೊದಲನೆಯದು, 2.8 ಕಿಲೋಮೀಟರ್ ಉದ್ದ. ಟಿಕೆಟ್ ಬೋರ್ಡ್‌ನಲ್ಲಿ ಮನುಷ್ಯರಿಗೆ ಹೋಗಿ ಬರುವ ದರ, ಮೇಕೆಗೆ ಹೋಗುವ ದರ ಮಾತ್ರ. ಒನ್ ವೇ. ನಾನು ಮೊದಲೇ ಎಲ್ಲೋ ಕೇಳಿದ್ದೆ, ಜೋಕ್ ಅಂದುಕೊಂಡಿದ್ದೆ. ಸಾಲಿನಲ್ಲಿ ನಿಂತಿದ್ದ ಒಬ್ಬ ಮಾವ ಬಗಲಲ್ಲಿ ಕರಿ ಮೇಕೆ ಇಟ್ಟುಕೊಂಡು, ಅದರ ಬಾಯಿಗೆ ಹುಲ್ಲು ಕೊಡುತ್ತಾ, ಟಿಕೆಟನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಸಾಲು ಪಾರ್ಕಿಂಗ್ ದಾಟಿ ಹೋಗಿತ್ತು, ಅಷ್ಟಮಿ ಅಲ್ವಾ. ಅವ್ವನನ್ನು ಇಟ್ಟುಕೊಂಡು ನಿಲ್ಲುವುದು ಆಗದ ಮಾತು, ಕೆಳಗಿನಿಂದಲೇ ಕೈ ಮುಗಿದು ಹೊರಟೆವು.

ಈಗ ಮನೆ ವಿಷಯ.

ಡುಮ್ರೆಯಿಂದ ಮುಕ್ಕಾಲು ಗಂಟೆ ಮೇಲೆ, ಬಂದೀಪುರದ ಕಡೆ. ಊರಿನ ಹೆಸರೂ ಮನೆಯ ಹೆಸರೂ ಹೇಳುವುದಿಲ್ಲ. ಅವರೇ ಬೇಡ ಅಂದರು, ಹಬ್ಬದಲ್ಲಿ ಆ ಎರಡು ಕೋಣೆ ಮೊಮ್ಮಕ್ಕಳಿಗೆ ಬೇಕು. ಕಲ್ಲು ಮಣ್ಣಿನ ಗೋಡೆ, ಕೆಳಗೆ ಕೆಂಪು ಮೇಲೆ ಬಿಳಿ ಮಣ್ಣು ಸಾರಿಸಿದ್ದು. ಹಬ್ಬಕ್ಕೆ ಮೊದಲು ಮನೆ ಸಾರಿಸುವುದು ಅಲ್ಲೂ ಕಡ್ಡಾಯವಂತೆ. ಒಬ್ಬರಿಗೆ ದಿನಕ್ಕೆ ಊಟ ಸೇರಿ 1,500 ನೇಪಾಳಿ ರೂಪಾಯಿ. ನಮ್ಮ 100 ಅವರ 160, 1993ರಿಂದ ಅದೇ ಲೆಕ್ಕ, ಹಾಗಾಗಿ ಸುಮಾರು 940 ರೂಪಾಯಿ ಆಯಿತು. ಟಾಯ್ಲೆಟ್ ಹೊರಗೆ, ನೆಲದ ಮೇಲಿನದು, ಆದರೆ ನಾವು ಇದ್ದ ಕಠ್ಮಂಡು ಹೋಟೆಲಿಗಿಂತ ಸ್ವಚ್ಛ. ಬಿಸಿನೀರು ಒಲೆ ಮೇಲೆ ಕಾಯಿಸಿ ಕೊಡುತ್ತಾರೆ, ಅದಕ್ಕೆ ಒಂದು ಗಂಟೆ ಮೊದಲೇ ಹೇಳಬೇಕು. ರಾತ್ರಿ ಹೊದೆಯಲು ಹತ್ತಿ ತುಂಬಿದ ದಪ್ಪ ರಜಾಯಿ, ಸಿರಕ್ ಅಂತಾರೆ, ಒಮ್ಮೆ ಹೊದ್ದರೆ ಆಚೀಚೆ ಹೊರಳಲು ಆಗಲ್ಲ. ನೆಟ್‌ವರ್ಕ್ ಅಂಗಳದ ಪೇರಲ ಗಿಡದ ಕೆಳಗೆ ಮಾತ್ರ.

ನನಗಿದ್ದ ದೊಡ್ಡ ಭಯ ಊಟದ್ದು. ನಾವು ಮೂವರೂ ಸಸ್ಯಾಹಾರಿಗಳು, ದಶೈಂ ಅಂದರೆ ಮಾಂಸದ ಹಬ್ಬ. ಮುಚ್ಚಿಡುವುದಿಲ್ಲ, ನಮ್ಮ ಕೋಣೆಯ ಹಿಂದೆಯೇ ಒಂದು ಖಸಿ, ಅಂದರೆ ಬೀಜ ಒಡೆದ ಹೋತ, ಕಟ್ಟಿತ್ತು. ರಾತ್ರಿಯೆಲ್ಲ ಕೂಗಿತು. ನವಮಿ ಬೆಳಗ್ಗೆ ಕೂಗು ನಿಂತಿತು. ನಾನು ಆ ಹೊತ್ತಿಗೆ ಬೇಕಂತಲೇ ಗುಡ್ಡದ ಮೇಲೆ ವಾಕಿಂಗ್ ಹೋಗಿದ್ದೆ. ಮನಸ್ಸು ಗಟ್ಟಿ ಇಲ್ಲದವರು, ಚಿಕ್ಕ ಮಕ್ಕಳು ಇರುವವರು ಇದನ್ನು ಯೋಚಿಸಿಯೇ ಹೋಗಿ. ಇದನ್ನು ಯಾವ ಪ್ಯಾಕೇಜ್‌ನವರೂ ನಿಮಗೆ ಹೇಳುವುದಿಲ್ಲ.

ಆದರೆ ಆ ಮನೆಯ ಆಮಾ, ಎಪ್ಪತ್ತು ದಾಟಿದವರು, ನಾವು ತಿನ್ನಲ್ಲ ಅಂತ ಗೊತ್ತಾದ ತಕ್ಷಣ ಹಿತ್ತಲಿನ ಹಳೆ ಒಲೆ ಹಚ್ಚಿಸಿ ನಮಗೆ ಬೇರೆ ಪಾತ್ರೆ, ಬೇರೆ ಸೌಟು ಮಾಡಿದರು. ದಾಲ್, ಅನ್ನ, ಸೊಪ್ಪಿನ ಪಲ್ಯ, ಗುಂದ್ರುಕ್ ಅಂತ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು, ಮೂಲಂಗಿ ಉಪ್ಪಿನಕಾಯಿ. ಗುಂದ್ರುಕ್ ಮೊದಲ ತುತ್ತಿಗೆ ವಿಚಿತ್ರ, ಮೂರನೆಯದಕ್ಕೆ ಇನ್ನಷ್ಟು ಬೇಕು ಅನಿಸುತ್ತದೆ. ಸೇಲ್ ರೋಟಿ ಅಂತ ಅಕ್ಕಿ ಹಿಟ್ಟಿನ ಬಳೆಯಂಥ ತಿಂಡಿ, ನಮ್ಮ ಕೋಡುಬಳೆಯ ಅಣ್ಣ ಅನ್ನಿ, ಆದರೆ ಸಿಹಿ, ಮೆತ್ತಗೆ. ಹಿಟ್ಟನ್ನು ಕೈಯಲ್ಲೇ ಎಣ್ಣೆಗೆ ಉಂಗುರದ ಹಾಗೆ ಬಿಡುತ್ತಾರೆ. ನನ್ನ ಹೆಂಡತಿ ಪ್ರಯತ್ನಿಸಿದಳು, ಕರ್ನಾಟಕದ ನಕ್ಷೆ ಬಂತು.

ಅಲ್ಲಿ ಇನ್ನೊಂದು ಗೊತ್ತಾಯಿತು. ಬಲಿ ಕೊಡದ ಮನೆಗಳೂ ಇವೆ, ಅವರು ಕುಭಿಂಡೋ ಕಡಿಯುತ್ತಾರೆ. ಕುಭಿಂಡೋ ಅಂದರೆ ಬೂದುಗುಂಬಳ! ನವಮಿಯ ದಿನ ಗಾಡಿ, ಮಶೀನು, ಆಯುಧಗಳ ಪೂಜೆ, ಥೇಟ್ ನಮ್ಮ ಆಯುಧಪೂಜೆ. ಬೈಕಿಗೆ ಹೂವಿನ ಹಾರ, ಕೆಂಪು ತಿಲಕ, ಚಕ್ರದ ಬಳಿ ನಮ್ಮಲ್ಲಿ ಕುಂಬಳಕಾಯಿಯ ಕುಂಕುಮ, ಅಲ್ಲಿ ಜಾಸ್ತಿ ಕಡೆ ನಿಜವಾದ ರಕ್ತ. ಇದೇನು ಹಳ್ಳಿಯವರದು ಮಾತ್ರ ಅಂದುಕೊಳ್ಳಬೇಡಿ. 2007ರಲ್ಲಿ ನೇಪಾಳ ಏರ್‌ಲೈನ್ಸ್‌ನವರು ಬೋಯಿಂಗ್ ವಿಮಾನ ಪದೇಪದೇ ಕೆಡುತ್ತಿದೆ ಅಂತ ಅದರ ಮುಂದೆ ಎರಡು ಮೇಕೆ ಬಲಿ ಕೊಟ್ಟ ಸುದ್ದಿ ಜಗತ್ತೆಲ್ಲ ಓದಿತ್ತು.

ನವಮಿ ಮಧ್ಯಾಹ್ನ ಮನೆಯ ಕಿರಿ ಮಗ ಬಂದ. ಧೂಳು, ಬೆವರು, ಎರಡು ಬ್ಯಾಗು. ಅಂಗಳದಲ್ಲಿ ಕೂತಿದ್ದ ನಮ್ಮ ಮಾತು ಕೇಳಿ ಒಂದು ನಿಮಿಷ ನಿಂತ. ಆಮೇಲೆ, "ಬೆಂಗಳೂರಾ ಸಾರ್? ಊಟ ಆಯ್ತಾ?" ಅಂದ. ಮಾರತ್ತಹಳ್ಳಿಯ ಒಂದು ದರ್ಶಿನಿಯಲ್ಲಿ ನೂಡಲ್ಸ್ ಕೌಂಟರ್ ಅವನದು, ಆರು ವರ್ಷದಿಂದ. ಯಶವಂತಪುರದಿಂದ ಗೋರಖ್‌ಪುರದ ರೈಲು, ಜನರಲ್ ಬೋಗಿ, ಅಲ್ಲಿಂದ ಸುನೌಲಿ ಗಡಿ ನಡೆದು ದಾಟಿ, ಭೈರಹವಾ, ಬುಟ್ವಲ್, ನಾರಾಯಣಗಢ, ಮುಗ್ಲಿಂಗ್, ಡುಮ್ರೆ. ನಾಲ್ಕನೇ ದಿನ ಮನೆ. ನಾವು ಒಂದು ದಿನದಲ್ಲಿ ಬಂದು ರಸ್ತೆ ಸರಿ ಇಲ್ಲ ಅಂತ ಗೊಣಗಿದ್ದು ನೆನಪಾಗಿ ಸುಮ್ಮನಾದೆ. ಬ್ಯಾಗಿನಿಂದ ಅಮ್ಮನಿಗೆ ಅಂತ ತೆಗೆದಿದ್ದು ಮೈಸೂರು ಪಾಕ್, ನಾಲ್ಕು ಮೈಸೂರ್ ಸ್ಯಾಂಡಲ್ ಸೋಪು, ಒಂದು ಪ್ರೆಷರ್ ಕುಕ್ಕರ್. ಕುಕ್ಕರ್‌ನ ಒಳಗೆ ಮಗಳ ಬಟ್ಟೆ ತುರುಕಿದ್ದ, ಜಾಗ ಉಳಿಸಲು. ಅವನು ಬಂದ ಮೇಲೆ ನಮಗೆ ಭಾಷೆಯ ಕಷ್ಟ ಇರಲಿಲ್ಲ. ಅವನ ಕನ್ನಡ ಪೂರ್ತಿ ಹೋಟೆಲ್ ಕನ್ನಡ. ಪೂಜೆ ವಿವರಿಸುವಾಗಲೂ "ಒಂದು ಐದು ನಿಮಿಷ ಸಾರ್, ಬಂತು" ಅನ್ನುತ್ತಿದ್ದ.

ಪಕ್ಕದ ಮನೆಯ ಹುಡುಗ ಮಾತ್ರ ಬರಲಿಲ್ಲ. ಅವನು ದಕ್ಷಿಣ ಕೊರಿಯಾದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗಿದ್ದಾನೆ. ಇಲ್ಲಿನ ಹುಡುಗರು ಕೊರಿಯನ್ ಭಾಷೆಯ ಪರೀಕ್ಷೆ ಬರೆದು ಹೋಗುತ್ತಾರೆ. ಅಲ್ಲೂ ಇದೇ ಋತುವಿನಲ್ಲಿ ಚುಸೊಕ್ ಅಂತ ಹಬ್ಬ, ಅಲ್ಲೂ ಇಡೀ ದೇಶ ರೈಲು, ಕಾರು ಹತ್ತಿ ಹುಟ್ಟಿದೂರಿಗೆ ಹೋಗುತ್ತದೆ, ಹೊಸ ಅಕ್ಕಿಯ ಕಡುಬು ಮಾಡಿ ಹಿರಿಯರಿಗೆ ಎಡೆ ಇಡುತ್ತಾರೆ. ಆ ಹಬ್ಬಕ್ಕೆ ಇವನಿಗೆ ರಜೆ ಸಿಕ್ಕಿತ್ತು, ಹೋಗಲು ಊರಿರಲಿಲ್ಲ. ದಶೈಂಗೆ ಊರಿದೆ, ರಜೆ ಇಲ್ಲ. ಅವನ ತಾಯಿ ವಿಡಿಯೋ ಕಾಲ್‌ನಲ್ಲಿ ಫೋನಿನ ಗಾಜಿಗೇ ತಿಲಕ ಹಚ್ಚಿದ್ದನ್ನು ನಾನು ನೋಡಿದೆ. ಅವರು ಮಗರ್ ಜನ, ಅವರದು ಬಿಳಿ ತಿಲಕ, ಬರೀ ಮೊಸರು ಅಕ್ಕಿ. ನಾವು ಉಳಿದಿದ್ದ ಮನೆಯವರದು ಕೆಂಪು.

24, ದಶಮಿ. ಟೀಕಾ ಹಚ್ಚುವ ಮುಹೂರ್ತಕ್ಕೆ ಸಾಯಿತ್ ಅನ್ನುತ್ತಾರೆ. ಪಂಚಾಂಗದ ಸಮಿತಿಯವರು ಅದನ್ನು ಇಡೀ ದೇಶಕ್ಕೆ ಹೇಳುತ್ತಾರೆ, ರೇಡಿಯೋದಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಆಮಾ ಒಂದು ಕತ್ತಲೆ ಕೋಣೆಯಿಂದ ಮಣ್ಣಿನ ಪಾತ್ರೆ ತಂದರು. ಪಾಡ್ಯದ ದಿನ ಬಿತ್ತಿದ ಬಾರ್ಲಿಯ ಸಸಿ, ಗೇಣುದ್ದ. ಬಿಸಿಲು ಕಾಣದ್ದರಿಂದ ಹಸಿರಲ್ಲ, ಹಳದಿ, ನಿಂಬೆ ಹಣ್ಣಿನ ಬಣ್ಣ. ಜಮರಾ ಅಂತಾರೆ. ನಮ್ಮ ಅವ್ವ ಕೂತಲ್ಲಿಂದ ಎದ್ದೇಬಿಟ್ಟಳು. "ಇದು ನಮ್ಮ ಘಟದ ಸಸಿ ಅಲ್ಲೇನೋ!" ಗದಗಿನಲ್ಲಿ ಅಣ್ಣನ ಮನೆಯಲ್ಲಿ ಅದೇ ಹೊತ್ತಿಗೆ ಘಟಕ್ಕೆ ಹಾಕಿದ ಜೋಳ, ಗೋಧಿ ಮೊಳೆತು ನಿಂತಿತ್ತು. ಈ ವರ್ಷ ಘಟ ಬಿಟ್ಟು ಬಂದೆನಲ್ಲ ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಟೀಕಾ ಅಂದರೆ ಚಿಟಿಕೆ ಕುಂಕುಮ ಅಂದುಕೊಳ್ಳಬೇಡಿ. ಅಕ್ಕಿ, ಮೊಸರು, ಕೆಂಪು ಅಬೀರ ಕಲಸಿ ಒಂದು ಬೋಗುಣಿ ತುಂಬ ಇಟ್ಟಿರುತ್ತಾರೆ. ಮನೆಗೆ ದೊಡ್ಡವರು ಮೂರು ಬೆರಳಲ್ಲಿ ತೆಗೆದು ಹಣೆಗೆ ಒತ್ತುತ್ತಾರೆ, ಬೀಳುತ್ತದೆ, ಮತ್ತೆ ಒತ್ತುತ್ತಾರೆ, ಹಣೆ ಪೂರ್ತಿ ಮುಚ್ಚುವ ತನಕ. ತಣ್ಣಗೆ ಇರುತ್ತದೆ, ಮೂಗಿನ ಮೇಲೆ ಒಂದು ಹನಿ ಇಳಿಯುತ್ತದೆ, ಒರೆಸಿಕೊಳ್ಳಬಾರದು. ಕಿವಿಯ ಹಿಂದೆ ಜಮರಾ ಸಿಕ್ಕಿಸುತ್ತಾರೆ. ಗಂಡಸರಿಗೆ ಒಂದು ಮಂತ್ರ, ಹೆಂಗಸರಿಗೆ ಬೇರೆ. ಕೊನೆಗೆ ಕೈಗೆ ದಕ್ಷಿಣೆ, ಅದೂ ಗರಿಗರಿ ಹೊಸ ನೋಟು. ಹಬ್ಬಕ್ಕೆ ಮೊದಲು ಹೊಸ ನೋಟಿಗಾಗಿ ಬ್ಯಾಂಕಿನ ಮುಂದೆ ಜನ ಸಾಲು ನಿಲ್ಲುತ್ತಾರೆ. ಆಮಾ ನಮ್ಮ ಅವ್ವನಿಗಿಂತ ದೊಡ್ಡವರಾದ್ದರಿಂದ ಅವ್ವನಿಗೂ ಟೀಕಾ ಹಚ್ಚಿ 50ರ ಹೊಸ ನೋಟು ಕೊಟ್ಟರು. ಅವ್ವ ಗಾಬರಿ, ಹೋಂಸ್ಟೇಗೆ ನಾವು ದುಡ್ಡು ಕೊಡಬೇಕಾ, ಅವರು ಕೊಡಬೇಕಾ ಅಂತ.

ಆಮೇಲೆ ಅವ್ವ ಪರ್ಸ್‌ನಿಂದ ವೃತ್ತಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದಳು. ಬನ್ನಿ ಎಲೆ. ಊರಿಂದಲೇ ತಂದಿದ್ದಳು, ನಮಗೂ ಹೇಳಿರಲಿಲ್ಲ. "ದಸರಾಕ್ಕ ಮೊದಲ ಕಿತ್ತರ ತಪ್ಪಿಲ್ಲ, ದೇವರಿಗೆ ಹೇಳೇ ಕಿತ್ತೀನಿ" ಅಂದಳು. ಅರ್ಧಕ್ಕರ್ಧ ಒಣಗಿ ಉದುರಿದ್ದವು. ಒಂದೊಂದು ಎಲ್ಲರ ಕೈಗೂ ಇಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂದಾಗ ಮಾರತ್ತಹಳ್ಳಿಯವನು ಅದನ್ನು ತನ್ನ ಅಮ್ಮನಿಗೆ ಹೇಗೆ ಅನುವಾದಿಸಿದನೋ ಏನೋ, ಆಮಾ ಆ ಎಲೆಯನ್ನು ಹಲ್ಲಿಗೆ ಹಾಕಿ ಕಚ್ಚಿ ನೋಡಿದರು. ಚಿನ್ನ ಅಂತ ಹೇಳಿದ್ದನಂತೆ.

ಆ ದಿನದ ಉಳಿದದ್ದೆಲ್ಲ ನೆಂಟರು. ಐವತ್ತು ಜನ ಬಂದು ಹೋದರು ಅನಿಸುತ್ತದೆ. ದಶಮಿಯಿಂದ ಹುಣ್ಣಿಮೆವರೆಗೆ, ಅಂದರೆ ನಮ್ಮ ಸೀಗಿ ಹುಣ್ಣಿಮೆವರೆಗೆ, ಹೀಗೆ ಒಬ್ಬರ ಮನೆಗೆ ಒಬ್ಬರು ಹೋಗಿ ಟೀಕಾ ತಗೊಳ್ಳುತ್ತಲೇ ಇರುತ್ತಾರೆ. ಹುಡುಗರು ಅಂಗಳದಲ್ಲಿ ಇಸ್ಪೀಟು, ಮೂರು ಕಟ್ಟು ಸೇರಿಸಿ ಆಡುವ ಮ್ಯಾರೇಜ್ ಅನ್ನುವ ಆಟ. ನಾನು 340 ರೂಪಾಯಿ ಸೋತೆ, ನೇಪಾಳಿ ರೂಪಾಯಿ, ದೇವರು ದೊಡ್ಡವನು. ಊರಾಚೆ ನಾಲ್ಕು ಎತ್ತರದ ಹಸಿ ಬಿದಿರು ಬಗ್ಗಿಸಿ ಕಟ್ಟಿದ ಜೋಕಾಲಿ ಇತ್ತು, ಪಿಂಗ್. ದಶೈಂನಲ್ಲಿ ಒಮ್ಮೆಯಾದರೂ ನೆಲ ಬಿಡಬೇಕು ಅಂತಾರೆ. ನನ್ನ ಹೆಂಡತಿ ಕೂತಳು, ಇಬ್ಬರು ಹುಡುಗಿಯರು ತಳ್ಳಿದರು, ಮೇಲೆ ಹೋದಾಗ ಮೋಡದ ಸಂದಿಯಲ್ಲಿ ಹಿಮದ ಬೆಟ್ಟ ಕಂಡಿತಂತೆ. ಕೆಳಗಿದ್ದ ನನಗೆ ಕಾಣಲಿಲ್ಲ. ಪೋಖರಾಗೆ ಹೋಗದೆ ಇದ್ದುದಕ್ಕೆ ಬೆಟ್ಟ ನೋಡುವುದು ತಪ್ಪಿತು ಅಂತ ನಾನು ಇನ್ನೂ ಹೇಳುತ್ತೇನೆ, ಅವಳು ತಪ್ಪಲಿಲ್ಲ ಅನ್ನುತ್ತಾಳೆ.

ಬಿಲ್ ಕೊಡುವಾಗ ದಶಮಿ ದಿನದ ದುಡ್ಡು ತಗೊಳ್ಳಲಿಲ್ಲ. ಟೀಕಾ ಹಚ್ಚಿಸಿಕೊಂಡವರು ಆ ದಿನ ಗಿರಾಕಿ ಅಲ್ಲವಂತೆ. ಐದು ಸ್ಟಾರ್ ಇದಕ್ಕಲ್ಲ, ಬೇರೆ ಸೌಟಿಗೆ.

25ಕ್ಕೆ ವಾಪಸ್. ದಾಯಿ ಊರಲ್ಲಿ ಇದ್ದ, ಅವನನ್ನು ಕರೆಯುವ ಪ್ರಶ್ನೆಯೇ ಇಲ್ಲ. ಡುಮ್ರೆಯಲ್ಲಿ ಮೈಕ್ರೋ ಅಂತ ಕರೆಯುವ ವ್ಯಾನು ಹತ್ತಿದೆವು, ಮಾಮೂಲಿ ರೇಟಿಗಿಂತ ಜಾಸ್ತಿ ಕಿತ್ತರು, ಹದಿನಾಲ್ಕು ಸೀಟಿನಲ್ಲಿ ಇಪ್ಪತ್ತೊಂದು ಜನ. ಎಲ್ಲರ ಹಣೆಯಲ್ಲೂ ಒಣಗಿದ ಕೆಂಪು ಅಕ್ಕಿಯ ಬಿಲ್ಲೆ, ಕಂಡಕ್ಟರ್ ಹುಡುಗನಿಗೂ. ಗುಂಡಿ ಬಂದಾಗಲೆಲ್ಲ ಎಲ್ಲರ ಹಣೆಯಿಂದ ನಾಲ್ಕು ನಾಲ್ಕು ಕಾಳು ಉದುರಿ, ಕಠ್ಮಂಡು ತಲುಪುವ ಹೊತ್ತಿಗೆ ವ್ಯಾನಿನ ನೆಲ ಪೂರ್ತಿ ಕೆಂಪಕ್ಕಿ. ಇಳಿಯುವಾಗ ತುಳಿಯಲು ಅವ್ವನಿಗೆ ಮನಸ್ಸಿಲ್ಲ, ತುದಿಗಾಲಲ್ಲಿ ಇಳಿದಳು.

ಹೋಗುವವರಿಗೆ ಎರಡು ಮಾತು. ವಿಮಾನಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು, ಆಧಾರ್ ನಡೆಯಲ್ಲ, ಕೌಂಟರ್‌ನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ನಾವು ಹೋದಾಗ ನಮ್ಮ 100ರ ಮೇಲಿನ ನೋಟು ಅಲ್ಲಿ ನಡೆಯುತ್ತಿರಲಿಲ್ಲ, ಹೋಗುವ ಮುಂಚೆ ಈಗಿನ ನಿಯಮ ನೋಡಿಕೊಳ್ಳಿ. ಫೂಲ್‌ಪಾತಿಯಿಂದ ಹುಣ್ಣಿಮೆವರೆಗೆ ಹೋಗಿ ಕೂರಲು ಒಂದು ಮನೆ ಇದ್ದರೆ ಮಾತ್ರ ದಶೈಂಗೆ ಹೋಗಿ. ಇಲ್ಲದಿದ್ದರೆ ನವರಾತ್ರಿಯ ಮೊದಲ ಆರು ದಿನ ಭಕ್ತಪುರದಲ್ಲೇ ರೂಮು ಮಾಡಿ, ಬೆಳಗಿನ ಜಾವ ಎದ್ದು ನೋಡಿ. ಬೀದಿ, ದೀಪ, ಹಾಡು, ತೆರೆದ ಅಂಗಡಿ ಬೇಕು ಅಂದರೆ ತಿಹಾರ್‌ಗೆ, ಅಂದರೆ ದೀಪಾವಳಿಗೆ ಹೋಗಿ. ಒಂದು ದಿನ ಕಾಗೆಗೆ, ಒಂದು ದಿನ ನಾಯಿಗೆ ಪೂಜೆ, ಬೀದಿನಾಯಿಗೂ ಚೆಂಡುಹೂವಿನ ಹಾರ. ಕೊನೆಯ ದಿನ ಭಾಯಿ ಟೀಕಾ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಟೀಕಾ ಹಚ್ಚುವ ದಿನ.

ಕಂಪನಿಗೆ ಎರಡು ಸ್ಟಾರ್ ಕೊಟ್ಟಿದ್ದೇನಲ್ಲ, ಎರಡೂ ದಾಯಿಯದು. ಪೋಖರಾ ಹೋಟೆಲಿನ ದುಡ್ಡಿನಲ್ಲಿ ಮೂರು ಮೇಲ್ ಬರೆದ ಮೇಲೆ 4,500 ವಾಪಸ್ ಬಂತು. ನವೆಂಬರ್ ಮೊದಲ ವಾರ ಅದೇ ಹುಡುಗಿ ಮತ್ತೆ ಫೋನ್ ಮಾಡಿದಳು, ನೇಪಾಳ ದೀಪಾವಳಿ ಸ್ಪೆಷಲ್ ಪ್ಯಾಕೇಜ್ ಇದೆ ಸರ್, ಹಳೇ ಕಸ್ಟಮರ್‌ಗೆ ಡಿಸ್ಕೌಂಟ್ ಅಂತ. ಭಾಯಿ ಟೀಕಾ ಯಾವ ತಾರೀಖು ಬಿದ್ದಿದೆ ಹೇಳಮ್ಮ, ಅದರ ಪ್ರಕಾರ ಬುಕ್ ಮಾಡುತ್ತೇನೆ ಅಂದೆ. ಚೆಕ್ ಮಾಡಿ ಹೇಳ್ತೀನಿ ಸರ್ ಅಂದಳು. ಇನ್ನೂ ಫೋನ್ ಬಂದಿಲ್ಲ.